ಹಿರಿಯರ ಆರೈಕೆ: ಆಯ್ಕೆಗಳು, ವೆಚ್ಚದ ಲೆಕ್ಕ ಮತ್ತು ಹಣದ ದಾರಿ

ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಜೀವನೋಪಾಯಕ್ಕಾಗಿ ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು, ಬ್ಯಾಂಕು, ರೈಲ್ವೆ, ಗಿರಣಿಗಳಲ್ಲಿ ಸೇವೆ ಸಲ್ಲಿಸಿದವರು, ಡೊಂಬಿವಲಿ, ಗೋರೆಗಾಂವ್, ಮೀರಾರೋಡ್‌ಗಳಲ್ಲಿ ಕಷ್ಟಪಟ್ಟು ಸ್ವಂತ ಸೂರು ಮಾಡಿಕೊಂಡವರು ಇವರು. ಮಕ್ಕಳ ವಿದ್ಯಾಭ್ಯಾಸಕ್ಕೆ, ಮದುವೆಗೆ, ಊರಿನ ಮನೆಗೆ ಹಣ ಹೊಂದಿಸಿದ ಈ ತಲೆಮಾರು ತನ್ನ ಕೊನೆಯ ಹತ್ತು ವರ್ಷಗಳ ಆರೈಕೆಗೆಂದು ಪ್ರತ್ಯೇಕವಾಗಿ ಹಣ ಕೂಡಿಟ್ಟದ್ದು ವಿರಳ. ಆರೈಕೆ ಎಂಬುದು ಮನೆಯೊಳಗಿನ ವಿಷಯ, ಅದಕ್ಕೆ ಬೆಲೆ ಕಟ್ಟುವುದು ಸಲ್ಲದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿರುವುದೇ ಇದಕ್ಕೆ ಕಾರಣ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು ಮಂದಿಗೆ ಮರೆಗುಳಿ ಕಾಯಿಲೆ ಇದೆ ಎಂದು ಅಂದಾಜಿಸಿದೆ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ದೀರ್ಘಕಾಲೀನ ಆರೈಕೆಗೆಂದೇ ಸಾರ್ವಜನಿಕ ವಿಮೆ ಇದೆ. ನಮ್ಮಲ್ಲಿ ಅಂತಹ ವ್ಯವಸ್ಥೆ ಇಲ್ಲ. ಆಸ್ಪತ್ರೆಯ ಬಿಲ್ಲಿಗೆ ವಿಮೆ ಉಂಟು, ಆದರೆ ಆಸ್ಪತ್ರೆಯಿಂದ ಮರಳಿದ ಬಳಿಕದ ಸ್ನಾನ, ಊಟ, ಶೌಚಗಳ ಸಹಾಯಕ್ಕೆ ಹಣ ಕೊಡುವವರು ಕುಟುಂಬದವರೇ. ಆದ್ದರಿಂದ ಲೆಕ್ಕ ಹಾಕುವ ಹೊಣೆಯೂ ಕುಟುಂಬದ್ದೇ.

ಮೊದಲು ಅಗತ್ಯ, ಆಮೇಲೆ ಆಯ್ಕೆ

ಸ್ಥಳದ ಆಯ್ಕೆಗೆ ಮುನ್ನ ಹಿರಿಯರಿಗೆ ಎಷ್ಟು ಸಹಾಯ ಬೇಕು ಎಂಬುದನ್ನು ಗುರುತಿಸಬೇಕು. ವೈದ್ಯರು ಸಾಮಾನ್ಯವಾಗಿ ಆರು ಕಾರ್ಯಗಳನ್ನು ಪರಿಶೀಲಿಸುತ್ತಾರೆ: ಸ್ನಾನ, ಬಟ್ಟೆ ಧರಿಸುವುದು, ಶೌಚಾಲಯ ಬಳಕೆ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಎಲ್ಲವನ್ನೂ ತಾವೇ ಮಾಡಿಕೊಳ್ಳುವವರಿಗೆ ಬೇಕಾದದ್ದು ಜೊತೆ ಮತ್ತು ಸುರಕ್ಷತೆ. ಒಂದೆರಡರಲ್ಲಿ ಸಹಾಯ ಬೇಕಾದವರಿಗೆ ಹಗಲಿನ ಸಹಾಯಕಿ ಸಾಕಾಗಬಹುದು. ಮೂರಕ್ಕಿಂತ ಹೆಚ್ಚಿನವುಗಳಿಗೆ ಇತರರನ್ನು ಅವಲಂಬಿಸಿದವರಿಗೆ ಅಥವಾ ರಾತ್ರಿ ಎದ್ದು ಹೊರಟುಬಿಡುವ ಮರೆಗುಳಿ ರೋಗಿಗಳಿಗೆ ಹಗಲಿರುಳೂ ಯಾರಾದರೂ ಇರಲೇಬೇಕು. ವೆಚ್ಚ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಈ ಅವಲಂಬನೆಯ ಪ್ರಮಾಣದಿಂದ. ಅವಲಂಬನೆ ಕಾಲಕ್ರಮೇಣ ಹೆಚ್ಚುವ ಕಾರಣ ಆರು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ಮತ್ತೆ ನೋಡುವುದು ಒಳ್ಳೆಯದು.

ನಮ್ಮ ಮುಂದಿರುವ ಆಯ್ಕೆಗಳು

ಒಂದು, ಮನೆಯಲ್ಲಿಯೇ ಮನೆಯವರಿಂದ ಆರೈಕೆ. ಎರಡು, ಮನೆಯಲ್ಲಿಯೇ ಸಂಬಳದ ಸಹಾಯಕಿಯಿಂದ ಹಗಲಿನ ಅಥವಾ ಹಗಲಿರುಳಿನ ಆರೈಕೆ. ಮೂರು, ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಹಗಲು ಆರೈಕೆ ಕೇಂದ್ರ. ನಾಲ್ಕು, ದತ್ತಿ ಸಂಸ್ಥೆಗಳ ಅಥವಾ ಶುಲ್ಕ ಪಡೆಯುವ ವೃದ್ಧಾಶ್ರಮ. ಐದು, ಹಿರಿಯರಿಗೆಂದೇ ಕಟ್ಟಿದ ವಸತಿ ಸಮುಚ್ಚಯ. ಪುಣೆಯ ಅಥಶ್ರೀ ಈ ಬಗೆಯ ಪರಿಚಿತ ಹೆಸರು. ಆರು, ಹೊರನಾಡ ಕನ್ನಡಿಗರಿಗೆ ಮಾತ್ರ ಇರುವ ಆಯ್ಕೆ: ಊರಿಗೆ ಮರಳುವುದು.

ಇವುಗಳ ಬೆಲೆ ಬಡಾವಣೆಯಿಂದ ಬಡಾವಣೆಗೆ, ಸಂಸ್ಥೆಯಿಂದ ಸಂಸ್ಥೆಗೆ ಬಹಳ ಬದಲಾಗುತ್ತದೆ. ಆದ್ದರಿಂದ ಕೆಳಗಿನ ಅಂಕಿಗಳನ್ನು ದರಪಟ್ಟಿ ಎಂದು ತಿಳಿಯದೆ ಲೆಕ್ಕದ ವಿಧಾನವನ್ನು ತೋರಿಸುವ ಉದಾಹರಣೆ ಎಂದು ತಿಳಿಯಬೇಕು. ಓದುಗರು ತಮ್ಮ ಪರಿಸರದ ದರಗಳನ್ನು ವಿಚಾರಿಸಿ ಇಲ್ಲಿ ತುಂಬಿಕೊಳ್ಳಬಹುದು.

ಒಂದು ಮಾದರಿ ಲೆಕ್ಕ

ಎಂಬತ್ತರ ತಾಯಿಯೊಬ್ಬರು ಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಸ್ನಾನ, ಶೌಚ, ಓಡಾಟಕ್ಕೆ ಸಹಾಯ ಬೇಕು. ವಾರಕ್ಕೆ ಮೂರು ಬಾರಿ ಫಿಸಿಯೋಥೆರಪಿಗೆ ಸಲ 600 ರೂಪಾಯಿಯಂತೆ ತಿಂಗಳಿಗೆ 7,200, ಔಷಧ ಮತ್ತು ಡಯಾಪರ್‌ಗೆ 8,000, ಹೆಚ್ಚುವರಿ ಆಹಾರ, ವಿದ್ಯುತ್, ಬಟ್ಟೆ ಒಗೆಯುವ ಖರ್ಚು 4,000. ಒಟ್ಟು 19,200 ರೂಪಾಯಿ. ಮನೆಯಲ್ಲಿ ಇಟ್ಟುಕೊಂಡರೆ ತಪ್ಪದ ಖರ್ಚು ಇದು.

ಮನೆಯವರೇ ನೋಡಿಕೊಂಡರೆ ವೆಚ್ಚ ಇಷ್ಟೇ ಎಂದು ತೋರುತ್ತದೆ. ಆದರೆ ನೋಡಿಕೊಳ್ಳುವವರು ಯಾರು? ಹೆಚ್ಚಿನ ಮನೆಗಳಲ್ಲಿ ಅದು ಸೊಸೆ ಅಥವಾ ಮಗಳು. ತಿಂಗಳಿಗೆ 30,000 ರೂಪಾಯಿ ಸಂಬಳದ ಕೆಲಸವನ್ನು ಆಕೆ ಬಿಟ್ಟರೆ ಕುಟುಂಬದ ನಿಜವಾದ ವೆಚ್ಚ 49,200. ಆಕೆಯ ಭವಿಷ್ಯ ನಿಧಿ, ವೇತನ ಬಡ್ತಿ, ಮತ್ತೆ ಕೆಲಸ ಸಿಗುವ ಸಾಧ್ಯತೆ ಇವೆಲ್ಲ ಈ ಲೆಕ್ಕದ ಹೊರಗೆ ಉಳಿದ ನಷ್ಟಗಳು.

ಹಗಲು ಹನ್ನೆರಡು ಗಂಟೆಯ ಸಹಾಯಕಿಗೆ ದಿನಕ್ಕೆ 800 ರೂಪಾಯಿ ಎಂದಾದರೆ ತಿಂಗಳಿಗೆ 24,000, ಒಟ್ಟು 43,200. ಸೊಸೆಯ ಕೆಲಸವೂ ಉಳಿಯುತ್ತದೆ. ಎರಡು ಪಾಳಿಗಳಲ್ಲಿ ಹಗಲಿರುಳು ಸಹಾಯಕಿಯರನ್ನು ಇಟ್ಟರೆ 48,000, ಒಟ್ಟು 67,200.

ಶುಲ್ಕದ ವೃದ್ಧಾಶ್ರಮವೊಂದು ತಿಂಗಳಿಗೆ 35,000 ಮತ್ತು 3 ಲಕ್ಷ ರೂಪಾಯಿ ಠೇವಣಿ ಕೇಳುತ್ತದೆ ಎನ್ನೋಣ. ಔಷಧ ಮತ್ತು ಡಯಾಪರ್ ಪ್ರತ್ಯೇಕ 8,000, ಮನೆಯವರ ಭೇಟಿಯ ಪ್ರಯಾಣ 3,000. ಬಡ್ಡಿರಹಿತ ಠೇವಣಿಯ ಮೇಲೆ ಶೇ. 7ರಂತೆ ವರ್ಷಕ್ಕೆ 21,000, ಅಂದರೆ ತಿಂಗಳಿಗೆ 1,750 ರೂಪಾಯಿ ಬಡ್ಡಿ ಕಳೆದುಕೊಳ್ಳುತ್ತೇವೆ. ಒಟ್ಟು 47,750. ಫಿಸಿಯೋಥೆರಪಿ ಶುಲ್ಕದಲ್ಲಿ ಸೇರಿಲ್ಲದಿದ್ದರೆ 54,950.

ಹಿರಿಯರ ವಸತಿ ಸಮುಚ್ಚಯದಲ್ಲಿ 50 ಲಕ್ಷ ರೂಪಾಯಿಯ ಮನೆ ಕೊಂಡರೆ ಅದೇ ಶೇ. 7ರಂತೆ ತಿಂಗಳಿಗೆ ಸುಮಾರು 29,000 ರೂಪಾಯಿ ಬಡ್ಡಿ ತಪ್ಪುತ್ತದೆ, ಸೇವಾ ಶುಲ್ಕ ಬೇರೆ. ಆ ಮನೆ ಆಸ್ತಿಯಾಗಿ ಉಳಿಯುತ್ತದೆ ಎಂಬುದು ನಿಜ. ಆದರೆ ಹಿರಿಯರಿಗೆ ಮಾತ್ರ ಮಾರಬೇಕೆಂಬ ಕರಾರಿದ್ದರೆ ಮುಂದೆ ಕೊಳ್ಳುವವರ ಸಂಖ್ಯೆ ಕಡಿಮೆ ಎಂಬುದನ್ನು ಗಮನಿಸಬೇಕು.

ಈ ಲೆಕ್ಕ ಎರಡು ಸಂಗತಿಗಳನ್ನು ಹೇಳುತ್ತದೆ. ಖರ್ಚೇ ಇಲ್ಲದ ಆರೈಕೆ ಎಂದು ನಾವು ಭಾವಿಸುವುದು ಹಲವು ಸಲ ಸಂಬಳದ ಸಹಾಯಕಿಗಿಂತ ದುಬಾರಿ. ಅದರ ಬಿಲ್ಲು ಬರುವುದು ಒಬ್ಬ ಹೆಣ್ಣುಮಗಳ ಹೆಸರಿಗೆ ಮಾತ್ರ. ಎರಡನೆಯದಾಗಿ, ಅವಲಂಬನೆ ಹಗಲಿಗೆ ಸೀಮಿತವಾಗಿರುವವರೆಗೆ ಮನೆ ಅಗ್ಗ. ರಾತ್ರಿಯ ಆರೈಕೆಯೂ ಬೇಕಾದಾಗ ಲೆಕ್ಕ ತಿರುಗುತ್ತದೆ.

ಊರಿಗೆ ಮರಳುವ ಯೋಚನೆ

ಉಡುಪಿ, ಮಂಗಳೂರು, ಧಾರವಾಡ, ಮೈಸೂರುಗಳಲ್ಲಿ ಮನೆ ಬಾಡಿಗೆ, ಸಹಾಯಕಿಯ ಸಂಬಳ ಮುಂಬಯಿಗಿಂತ ಕಡಿಮೆ. ಮಣಿಪಾಲ, ಮಂಗಳೂರಿನ ಸುತ್ತ ಒಳ್ಳೆಯ ಆಸ್ಪತ್ರೆಗಳಿವೆ. ಭಾಷೆ, ಊಟ, ದೇವಸ್ಥಾನ ಎಲ್ಲವೂ ತಮ್ಮವೇ ಎಂಬ ನೆಮ್ಮದಿಗೆ ಬೆಲೆ ಕಟ್ಟಲಾಗದು. ಆದರೆ ನಲವತ್ತು ವರ್ಷ ಹೊರಗಿದ್ದವರಿಗೆ ಊರಿನಲ್ಲಿ ಉಳಿದಿರುವ ಬಂಧುಗಳೂ ಅದೇ ವಯಸ್ಸಿನವರು, ಅವರ ಮಕ್ಕಳು ಬೆಂಗಳೂರು, ದುಬೈ ಸೇರಿದವರು. ತುರ್ತಿಗೆ ಮಕ್ಕಳು ಮುಂಬಯಿಯಿಂದ ರಾತ್ರಿಯಿಡೀ ರೈಲಿನಲ್ಲಿ ಅಥವಾ ದುಬಾರಿ ವಿಮಾನದಲ್ಲಿ ಓಡಿ ಬರಬೇಕು. ವರ್ಷಕ್ಕೆ ಆರು ಪ್ರಯಾಣಗಳ ಖರ್ಚು ಮತ್ತು ರಜೆಯನ್ನು ಈ ಆಯ್ಕೆಗೆ ಸೇರಿಸಿಯೇ ಹೋಲಿಸಬೇಕು. ಕೈಕಾಲು ಗಟ್ಟಿಯಿರುವಾಗ ಊರಿಗೆ ಹೋಗಿ ನೆಲೆಯೂರಿದವರಿಗೆ ಇದು ಒಗ್ಗುತ್ತದೆ. ಹಾಸಿಗೆ ಹಿಡಿದ ಮೇಲೆ ಕಳುಹಿಸುವುದು ವೆಚ್ಚವನ್ನು ದೂರಕ್ಕೆ ಸರಿಸಿದಂತೆ ಅಷ್ಟೆ.

ಹಣದ ದಾರಿ: ಹಿರಿಯರ ಸ್ವಂತ ಆದಾಯ

ಮೊದಲು ವಿನಿಯೋಗವಾಗಬೇಕಾದದ್ದು ಹಿರಿಯರ ಸ್ವಂತ ಹಣ. ಅದನ್ನು ಮಕ್ಕಳಿಗೆಂದು ಮುಟ್ಟದೆ ಇಟ್ಟು, ಆರೈಕೆಗೆ ಮಕ್ಕಳನ್ನೇ ಕೇಳುವುದರಿಂದ ಯಾರಿಗೂ ಹಿತವಿಲ್ಲ.

ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಲ್ಲಿ ಆರಂಭವಾಯಿತು. ಒಬ್ಬರ ಠೇವಣಿ ಮಿತಿಯನ್ನು 2023ರ ಏಪ್ರಿಲ್ 1ರಿಂದ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಯಿತು. ಅಂದಿನಿಂದ 2025ರ ಕೊನೆಯವರೆಗೂ ಬಡ್ಡಿ ದರ ಶೇ. 8.2 ಇತ್ತು. ಸರಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸಿದರೂ, ಠೇವಣಿ ಇಟ್ಟ ದಿನದ ದರ ಐದು ವರ್ಷಗಳಿಗೆ ಖಾಯಂ. 30 ಲಕ್ಷಕ್ಕೆ ಮೂರು ತಿಂಗಳಿಗೆ 61,500, ಅಂದರೆ ತಿಂಗಳಿಗೆ 20,500 ರೂಪಾಯಿ ಬರುತ್ತದೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ ಮಿತಿ. ಶೇ. 7.4ರ ದರದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550. ಎರಡೂ ಸೇರಿ 26,050. ಮೇಲಿನ ಉದಾಹರಣೆಯ ತಾಯಿಗೆ ಹಗಲಿನ ಆರೈಕೆಯ 43,200ರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಸಿಗುತ್ತದೆ.

ಕೇಂದ್ರ ಸರಕಾರದ ನಿವೃತ್ತರಿಗೂ ಅವರ ಕುಟುಂಬ ಪಿಂಚಣಿದಾರರಿಗೂ 80 ತುಂಬಿದಾಗ ಮೂಲ ಪಿಂಚಣಿಯ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರಕ್ಕೆ ಶೇ. 100ರಷ್ಟು ಹೆಚ್ಚುವರಿ ದೊರೆಯುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಜನ್ಮದಿನಾಂಕ ಸರಿಯಾಗಿ ನಮೂದಾಗಿಲ್ಲದಿದ್ದರೆ ಇದು ತಾನಾಗಿ ಸೇರದು. ವಿಧವೆಯರ ವಿಷಯದಲ್ಲಿ ಇದನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಎರಡು ಎಚ್ಚರಿಕೆಗಳು. ಬಡ್ಡಿ ಏರುವುದಿಲ್ಲ, ಖರ್ಚು ಏರುತ್ತದೆ. ವರ್ಷಕ್ಕೆ ಶೇ. 8ರಂತೆ ಏರಿದರೆ ಇಂದಿನ 43,200 ಒಂಬತ್ತು ವರ್ಷಗಳಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಇನ್ನು, ಹೆಚ್ಚು ಬಡ್ಡಿಯ ಆಸೆಗೆ ಇಡೀ ಗಂಟನ್ನು ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಡಬಾರದು. ಠೇವಣಿ ವಿಮೆಯ ರಕ್ಷಣೆ 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಆರು ತಿಂಗಳ ಆರೈಕೆ ವೆಚ್ಚವನ್ನಾದರೂ ಬೇಕೆಂದಾಗ ತೆಗೆಯಬಹುದಾದ ಖಾತೆಯಲ್ಲಿ ಇರಿಸಬೇಕು.

ಮನೆಯೇ ಆಸರೆಯಾದಾಗ

ಕೋಟಿ ಬೆಲೆಯ ಫ್ಲ್ಯಾಟಿನಲ್ಲಿ ಕುಳಿತು ಔಷಧದ ಹಣಕ್ಕೆ ಪರದಾಡುವ ಹಿರಿಯರು ಮುಂಬಯಿಯಲ್ಲಿ ಅಪರೂಪವಲ್ಲ. ಇಂತಹವರಿಗಾಗಿ 2007ರಲ್ಲಿ ರಿವರ್ಸ್ ಮಾರ್ಟ್‌ಗೇಜ್ ಸಾಲ ಬಂತು. 60 ಮೀರಿದವರು ತಾವು ವಾಸಿಸುವ ಸ್ವಂತ ಮನೆಯನ್ನು ಅಡವಿಟ್ಟರೆ ಬ್ಯಾಂಕ್ ತಿಂಗಳಿಗೋ ಮೂರು ತಿಂಗಳಿಗೋ ಹಣ ಕೊಡುತ್ತದೆ. ಜೀವಿತಾವಧಿಯಲ್ಲಿ ಮರುಪಾವತಿ ಇಲ್ಲ. ಅವಧಿ ಗರಿಷ್ಠ 20 ವರ್ಷ. ಬಳಿಕ ಹಣ ಬರುವುದು ನಿಂತರೂ ಮನೆಯಲ್ಲಿ ಕೊನೆಯವರೆಗೆ ಇರಬಹುದು. ದಂಪತಿಗಳಿಬ್ಬರ ಕಾಲಾನಂತರ ವಾರಸುದಾರರು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು, ಇಲ್ಲವೇ ಬ್ಯಾಂಕ್ ಮನೆ ಮಾರಿ ತನ್ನ ಹಣ ಕಳೆದು ಉಳಿದದ್ದನ್ನು ಅವರಿಗೆ ಕೊಡುತ್ತದೆ. ಸಾಲದ ಮೇಲೆ ಬಡ್ಡಿ ಬೆಳೆಯುತ್ತಲೇ ಇರುವುದರಿಂದ ಬರುವ ಕಂತು ಮನೆಯ ಬೆಲೆಗೆ ಹೋಲಿಸಿದರೆ ಚಿಕ್ಕದು. ಪಗಡಿ ಮನೆಗಳಲ್ಲಿರುವವರು ಒಡೆಯರಲ್ಲವಾದ್ದರಿಂದ ಅವರಿಗೆ ಇದು ಒದಗದು. ಮನೆ ಬಾಡಿಗೆಗೆ ಕೊಟ್ಟು ಆ ಹಣದಲ್ಲಿ ವೃದ್ಧಾಶ್ರಮದ ಶುಲ್ಕ ಭರಿಸುವುದು ಅನೇಕರಿಗೆ ಸರಳವಾದ ದಾರಿ.

ವಿಮೆ, ಸರಕಾರಿ ಸೌಲಭ್ಯ, ತೆರಿಗೆ

2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯ ಮಿತಿಯಿಲ್ಲದೆ 70 ತುಂಬಿದ ಎಲ್ಲರಿಗೂ ವಿಸ್ತರಿಸಲಾಯಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಸಹಾಯಕಿಯ ಸಂಬಳ, ವೃದ್ಧಾಶ್ರಮದ ಶುಲ್ಕ ಇದರಲ್ಲಿ ಇಲ್ಲ. ಖಾಸಗಿ ಆರೋಗ್ಯ ವಿಮೆ ಕೊಳ್ಳಲು ಇದ್ದ 65ರ ವಯೋಮಿತಿ 2024ರಲ್ಲಿ ತೆಗೆದುಹಾಕಲ್ಪಟ್ಟಿತು. 2025ರ ಜನವರಿಯಿಂದ ಹಿರಿಯರ ವಿಮಾ ಕಂತನ್ನು ನಿಯಂತ್ರಕರ ಸಮಾಲೋಚನೆಯಿಲ್ಲದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ.

ಮಹಾರಾಷ್ಟ್ರದಲ್ಲಿ ದತ್ತಿ ಕಾಯ್ದೆಯಡಿ ನೋಂದಾಯಿತವಾದ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಆದಾಯದ ದಾಖಲೆಯೊಂದಿಗೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಕೇಳಿದರೆ ಮಾಹಿತಿ ಸಿಗುತ್ತದೆ. ಗುಣವಾಗದ ಹಂತ ತಲಪಿದ ಕ್ಯಾನ್ಸರ್ ರೋಗಿಗಳಿಗೆ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಆವೇದನಾ ಸದನ, ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಶುಶ್ರೂಷೆ ನೀಡುತ್ತಿವೆ.

ತೆರಿಗೆಯ ವಿಷಯದಲ್ಲಿ, 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಕಾರಣ ತೆರಿಗೆ ಬೀಳದು. ಹಳೆಯ ಪದ್ಧತಿಯನ್ನು ಆರಿಸಿಕೊಂಡ ಮಕ್ಕಳು ಹಿರಿಯ ತಂದೆತಾಯಿಯ ಆರೋಗ್ಯ ವಿಮೆಗೆ, ವಿಮೆ ಇಲ್ಲದಿದ್ದರೆ ವೈದ್ಯಕೀಯ ವೆಚ್ಚಕ್ಕೆ 50,000ದವರೆಗೆ ಕಡಿತ ಪಡೆಯಬಹುದು. ನಿಗದಿತ ಗಂಭೀರ ಕಾಯಿಲೆಗಳ ಚಿಕಿತ್ಸೆಗೆ ಈ ಮಿತಿ 1 ಲಕ್ಷ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿಯ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿ ನಮೂದಿಸುವುದು ಲೇಸು.

ಒಡಹುಟ್ಟಿದವರ ನಡುವಿನ ಪಾಲು

ಉದಾಹರಣೆಯ ತಾಯಿಗೆ ತಿಂಗಳಿಗೆ ಸುಮಾರು 17,000 ರೂಪಾಯಿ ಕೊರತೆ ಬೀಳುತ್ತದೆ. ಮೂವರು ಮಕ್ಕಳಿದ್ದರೆ ಸಮಪಾಲು ಸಮನ್ಯಾಯವಲ್ಲ. ಅವರ ಆದಾಯ 80,000, 50,000, 40,000 ಎಂದಾದರೆ ತಲಾ ಶೇ. 10ರಂತೆ 8,000, 5,000, 4,000 ಕೊಟ್ಟಲ್ಲಿ ಕೊರತೆ ತುಂಬುತ್ತದೆ. ಯಾರ ಮನೆಯಲ್ಲಿ ತಾಯಿ ಇದ್ದಾರೋ ಅವರ ರಾತ್ರಿಯ ನಿದ್ದೆ, ರಜೆ, ಒಂದು ಕೋಣೆ ಇವೂ ಪಾಲೇ. ಅವರಿಂದ ಹಣದ ಪಾಲು ಕಡಿಮೆ ಪಡೆಯುವುದು ಧರ್ಮ. ತಾಯಿಯ ಹೆಸರಿನಲ್ಲಿಯೇ ಪ್ರತ್ಯೇಕ ಖಾತೆ ತೆರೆದು, ಎಲ್ಲರೂ ಅದಕ್ಕೇ ಜಮೆ ಮಾಡಿ, ಖರ್ಚೆಲ್ಲ ಅಲ್ಲಿಂದಲೇ ಮಾಡಿದರೆ ಪಾಸ್‌ಬುಕ್ಕೇ ಲೆಕ್ಕಪತ್ರವಾಗುತ್ತದೆ. ಊರಿನಲ್ಲೋ ವಿದೇಶದಲ್ಲೋ ಇರುವ ಸಹೋದರನಿಗೆ ಸಂಶಯ ಮೂಡುವ ಅವಕಾಶವೂ ಇರದು.

ಕಾನೂನು ಮತ್ತು ಕಾಗದಪತ್ರ

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳು ಪೋಷಣೆಗೆ ಬದ್ಧರು. ಮೂಲ ಕಾಯ್ದೆಯಂತೆ ನ್ಯಾಯಮಂಡಳಿ ತಿಂಗಳಿಗೆ ಗರಿಷ್ಠ 10,000 ರೂಪಾಯಿ ವಿಧಿಸಬಹುದು. ಮೇಲಿನ ಲೆಕ್ಕದ ಮುಂದೆ ಈ ಮೊತ್ತ ಎಷ್ಟು ಸಣ್ಣದೆಂಬುದು ಸ್ಪಷ್ಟ. ಆದ್ದರಿಂದ ಆಸ್ತಿಯನ್ನು ಕೈಬಿಡದಿರುವುದೇ ಹಿರಿಯರಿಗೆ ನಿಜವಾದ ರಕ್ಷಣೆ. ದಾನಪತ್ರ ಮಾಡಲೇಬೇಕಾದರೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲಿ ಬರೆಸಬೇಕು. ಷರತ್ತು ಮುರಿದರೆ 23ನೆಯ ಸೆಕ್ಷನ್ ಪ್ರಕಾರ ವರ್ಗಾವಣೆ ರದ್ದಾಗಬಹುದು. ಅಂತಹ ಷರತ್ತು ಇದ್ದುದನ್ನು ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ನ್ಯಾಯಮಂಡಳಿಯು ಆಸ್ತಿಯ ಸ್ವಾಧೀನವನ್ನೂ ಹಿಂದಿರುಗಿಸಬಹುದೆಂದು ತೀರ್ಪಿತ್ತಿತು. ದಾನಪತ್ರಕ್ಕಿಂತ ಉಯಿಲು ಮೇಲು. ಉಯಿಲನ್ನು ಬದುಕಿರುವವರೆಗೆ ಬದಲಿಸಬಹುದು.

ಬ್ಯಾಂಕಿನ ಕೌಂಟರಿನಲ್ಲಿ ನಿತ್ಯ ಕಾಣುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಬೇಕು. ತಂದೆಯಿಂದ ಪವರ್ ಆಫ್ ಅಟಾರ್ನಿ ಪಡೆದಿದ್ದೇವೆ, ಆದ್ದರಿಂದ ಮುಂದಿನ ಚಿಂತೆಯಿಲ್ಲ ಎನ್ನುವವರು ಬಹಳ. ನಮ್ಮ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಅಂದರೆ ಮರೆಗುಳಿ ಕಾಯಿಲೆಯಲ್ಲಿ ಅದು ಅತಿ ಹೆಚ್ಚು ಬೇಕಾದ ಹೊತ್ತಿಗೇ ನಿರರ್ಥಕ. ಬಳಿಕ ಪಾಲಕರ ನೇಮಕಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ನೆನಪು ಚೆನ್ನಾಗಿರುವಾಗಲೇ ಖಾತೆ ಮತ್ತು ಠೇವಣಿಗಳನ್ನು ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದಾದ ಜಂಟಿ ರೂಪಕ್ಕೆ ತರುವುದು, ನಾಮನಿರ್ದೇಶನ ಪೂರ್ಣಗೊಳಿಸುವುದು ವಿವೇಕ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶಿತರನ್ನು ಸೂಚಿಸಬಹುದು. ಸಹಿ ಮಾಡಲಾಗದೆ ಹಾಸಿಗೆ ಹಿಡಿದವರ ಹೆಬ್ಬೆಟ್ಟಿನ ಗುರುತನ್ನು, ಬ್ಯಾಂಕ್ ಅಧಿಕಾರಿಯೂ ಸೇರಿದಂತೆ ಇಬ್ಬರು ಸಾಕ್ಷಿಗಳ ಸಮಕ್ಷಮ ಪಡೆದು ಹಣ ಕೊಡುವ ವ್ಯವಸ್ಥೆಯೂ ಇದೆ.

ಸಂಸ್ಥೆಗೆ ಸೇರಿಸುವ ಮುನ್ನ

ಠೇವಣಿ ಎಷ್ಟು ದಿನಗಳಲ್ಲಿ, ಏನೇನು ಕಳೆದು ಹಿಂದಿರುಗುತ್ತದೆ? ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆ? ಆಸ್ಪತ್ರೆಯಲ್ಲಿರುವ ದಿನಗಳಿಗೂ ಶುಲ್ಕವಿದೆಯೇ? ಹಾಸಿಗೆ ಹಿಡಿದರೆ ಅಥವಾ ಮರೆವು ಹೆಚ್ಚಿದರೆ ಇಟ್ಟುಕೊಳ್ಳುತ್ತಾರೆಯೇ, ಕರೆದೊಯ್ಯಿರಿ ಎನ್ನುತ್ತಾರೆಯೇ? ರಾತ್ರಿ ಎಷ್ಟು ಮಂದಿ ಸಿಬ್ಬಂದಿ ಇರುತ್ತಾರೆ? ಈ ಐದು ಪ್ರಶ್ನೆಗಳಿಗೆ ಉತ್ತರ ಕರಾರಿನಲ್ಲಿ ಬರಹದಲ್ಲಿರಬೇಕು. ಮುಂಚಿತವಾಗಿ ತಿಳಿಸದೆ ಊಟದ ಹೊತ್ತಿಗೊಮ್ಮೆ ಭೇಟಿ ನೀಡಿದರೆ ಮಾಹಿತಿ ಪುಸ್ತಿಕೆ ಹೇಳದ ಸಂಗತಿಗಳು ತಿಳಿಯುತ್ತವೆ. ಸಾಧ್ಯವಾದರೆ ಒಂದು ತಿಂಗಳು ಪ್ರಾಯೋಗಿಕವಾಗಿ ಇರಿಸಿ ನೋಡಬೇಕು. ಕನ್ನಡ ಅಥವಾ ತುಳು ಬಲ್ಲ ಒಬ್ಬರಾದರೂ ಅಲ್ಲಿದ್ದಾರೆಯೇ ಎಂದು ವಿಚಾರಿಸುವುದು ಸಣ್ಣ ಮಾತಲ್ಲ. ಮರೆವು ಆವರಿಸಿದವರಿಗೆ ತಡವಾಗಿ ಕಲಿತ ಹಿಂದಿ, ಮರಾಠಿ ಮೊದಲು ಜಾರಿ, ತಾಯ್ನುಡಿಯೊಂದೇ ಉಳಿಯುವುದುಂಟು. ನೀರು ಬೇಕೆಂದು ಕೇಳಿದ್ದು ಯಾರಿಗೂ ಅರ್ಥವಾಗದ ಸ್ಥಳ ಎಷ್ಟು ಸ್ವಚ್ಛವಾಗಿದ್ದರೂ ಆರೈಕೆಯ ತಾಣವಲ್ಲ.

ಮಾಹಿತಿ, ದೌರ್ಜನ್ಯದ ದೂರು ಅಥವಾ ಕಾನೂನು ಸಲಹೆಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಉಚಿತವಾಗಿ ಲಭ್ಯವಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಹಿರಿಯರ ಆರೈಕೆಗೂ ಸಲ್ಲುತ್ತದೆ. ಆದರೆ ಹಾಸಿಗೆಯ ಅಳತೆ ತಿಳಿಯಬೇಕಾದರೆ ಅದನ್ನು ಬಿಡಿಸಿ ನೋಡಬೇಕು. ಎಷ್ಟು ಠೇವಣಿ ಇದೆ, ಎಷ್ಟು ಪಿಂಚಣಿ ಬರುತ್ತದೆ, ಮನೆ ಯಾರ ಹೆಸರಿನಲ್ಲಿದೆ, ಎಲ್ಲಿರಲು ಇಷ್ಟ ಎಂಬ ಮಾತುಕತೆಯನ್ನು ಹಿರಿಯರ ಸಮ್ಮುಖದಲ್ಲಿ, ಅವರ ಆರೋಗ್ಯ ಚೆನ್ನಾಗಿರುವಾಗಲೇ, ಮಕ್ಕಳೆಲ್ಲರೂ ಒಟ್ಟು ಸೇರಿ ಆಡುವುದು ಯೋಗ್ಯ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಆಡುವ ಆ ಮಾತು ಹಿರಿಯರ ಇಷ್ಟವನ್ನು ಕೇಳುವ ವ್ಯವಧಾನವನ್ನು ಯಾರಿಗೂ ಉಳಿಸುವುದಿಲ್ಲ.